ಬಸುರಿಯರ ದೋಣಿ

"ಗುರುಗಳೇ, ಒಂದು ನಾಡಿನ ಚರಿತ್ರೆಯನ್ನು ತಿರುಗಿಸುವುದು ಯಾವುದು? ಯುದ್ಧವೇ, ಒಪ್ಪಂದವೇ, ಪಟ್ಟಾಭಿಷೇಕವೇ?"

ಕೇಳಿದವನು ಅಡವೀಶ. ಮಠದ ಶಾಲೆಯಲ್ಲಿ ಮಕ್ಕಳಿಗೆ ಚರಿತ್ರೆ ಕಲಿಸುವ ಶಿಷ್ಯ. ನಾಡನ್ನಾಳಿದ ಅರಸರ ಹೆಸರುಗಳನ್ನು ಮೂಲಪುರುಷನಿಂದ ಹಿಡಿದು ಕೊನೆಯವನವರೆಗೆ ಒಂದೇ ಉಸಿರಿನಲ್ಲಿ ಹೇಳಬಲ್ಲವನು. ಆ ಬಗ್ಗೆ ಅವನಿಗೆ ತುಸು ಹೆಮ್ಮೆಯೂ ಇತ್ತು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. "ಮೂರರಲ್ಲಿ ಯಾವುದನ್ನು ಹೇಳಿದರೂ ನಾಳೆ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೀಯ. ಪಾಪ, ಅವು ಏನು ತಪ್ಪು ಮಾಡಿವೆ? ಕತೆ ಹೇಳುತ್ತೇನೆ, ಕೂತುಕೋ. ಸುಮ್ಮನೆ ಕೂರಬೇಡ, ನೀನೂ ನಾಲ್ಕು ಕಾಯಿ ಸುಲಿ," ಎಂದು ಹೇಳತೊಡಗಿದರು.

ಒಂದು ಹೊಳೆ. ಮೂಡಣ ದಡದಲ್ಲಿ ಒಬ್ಬ ಅರಸ, ಪಡುವಣ ದಡದಲ್ಲಿ ಇನ್ನೊಬ್ಬ. ನೀರಿನ ಮಧ್ಯದಲ್ಲಿ ಒಂದು ನಡುಗಡ್ಡೆ. ಅಲ್ಲಿ ಎಮ್ಮೆಗಳು ಮಲಗುತ್ತಿದ್ದವೇ ಹೊರತು ಬೇರೇನೂ ಇರಲಿಲ್ಲ. ಆದರೂ ಅದು ತನ್ನದೆಂದು ಇಬ್ಬರೂ ಅರಸರು ಹಟ ಹಿಡಿದಿದ್ದರು. ಎಮ್ಮೆಗಳನ್ನು ಯಾರೂ ಕೇಳಲಿಲ್ಲ.

ಜನರಿಗೆ ಈ ಹಗೆ ಅಂಟಿರಲಿಲ್ಲ. ಆಚೆಗೆ ಹೆಣ್ಣು ಕೊಡುತ್ತಿದ್ದರು, ಆಚೆಯಿಂದ ಹೆಣ್ಣು ತರುತ್ತಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ಎರಡೂ ದಡದ ರೂಢಿ. ಏಳು ತಿಂಗಳು ತುಂಬಿದ ಮಗಳು ದೋಣಿ ಹತ್ತಿ ತಾಯಿಯ ಮನೆಗೆ ಬರುತ್ತಿದ್ದಳು. ಕೂಸಿಗೆ ಕತ್ತು ನಿಂತ ಮೇಲೆ ಅದನ್ನು ಎತ್ತಿಕೊಂಡು ಗಂಡನ ಮನೆಗೆ ಮರಳುತ್ತಿದ್ದಳು.

ಒಂದು ವರ್ಷ ಅರಸರ ಜಗಳ ಜೋರಾಯಿತು. ಇಬ್ಬರೂ ತಮ್ಮ ತಮ್ಮ ದಡದ ದೋಣಿಗಳನ್ನು ಕಟ್ಟಿಹಾಕಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ಇನ್ನೂ ಹುಟ್ಟಿಯೇ ಇರಲಿಲ್ಲ, ಆಗಲೇ ಬಡವಾಗಿತ್ತು.

ಮೂಡಣ ದಡದಲ್ಲಿ ಒಬ್ಬ ರೈತನ ಹೆಂಡತಿ ಇದ್ದಳು. ಅವಳ ಒಬ್ಬಳೇ ಮಗಳು ಪಡುವಣ ದಡದ ಸೊಸೆ, ತುಂಬಿದ ಬಸುರಿ. ತಾಯಿ ದಡದ ಕಾವಲುಗಾರನನ್ನು ಬೇಡಿಕೊಂಡಳು, ಆಗಲಿಲ್ಲ. ಊರಗೌಡನನ್ನು ಬೇಡಿಕೊಂಡಳು, ಅವನು ಅರಮನೆಯ ಕಡೆ ಕೈ ತೋರಿಸಿದ. ಅವಳು ಅರಮನೆಗೇ ನಡೆದಳು. ಅರಸ ಹೊರಗೆ ಬರುವವರೆಗೆ ಬಾಗಿಲಲ್ಲಿ ಕೂತಳು.

ಅವಳು ನಡುಗಡ್ಡೆಯ ಮಾತು ಎತ್ತಲಿಲ್ಲ, ನ್ಯಾಯ ಅನ್ಯಾಯ ಎನ್ನಲಿಲ್ಲ. "ಒಡೆಯಾ, ಅತ್ತೆಯ ಮನೆಯಲ್ಲಿ ಹೆಣ್ಣು ನೋವನ್ನು ನುಂಗಿಕೊಂಡು ಹೆರಬೇಕು. ತಾಯಿಯ ಮನೆಯಲ್ಲಾದರೆ ಬಾಯಿಬಿಟ್ಟು ಅಳಬಹುದು. ನನ್ನ ಮಗಳಿಗೆ ಅಳುವುದಕ್ಕೆ ಒಂದು ಜಾಗ ಬಿಡಿ," ಎಂದಳು.

ಅರಸ ಕೆಟ್ಟವನಲ್ಲ. ಅವನಿಗೂ ಒಬ್ಬ ಮಗಳಿದ್ದಳು. ದೂರದ ಸೀಮೆಗೆ ಕೊಟ್ಟಿದ್ದ. ಅವಳಿಗೆ ಹೆರಿಗೆಯಾದ ಸುದ್ದಿ ಮತ್ತು ಅವಳು ತೀರಿಕೊಂಡ ಸುದ್ದಿ ಒಂದೇ ಓಲೆಯಲ್ಲಿ ಬಂದಿದ್ದವು. ಅವನು ಒಂದು ದೋಣಿ ಬಿಚ್ಚಲು ಹೇಳಿದ. ಅದಕ್ಕೆ ಹಸಿರು ಬಟ್ಟೆ ಕಟ್ಟಬೇಕು, ಅದರಲ್ಲಿ ಬಸುರಿಯರು ಬಾಣಂತಿಯರು ಮಾತ್ರ ದಾಟಬೇಕು. ಗೂಢಚಾರರು ನುಸುಳಿಯಾರು ಎಂದು ಮಂತ್ರಿ ತಡೆದ. ಬಸುರಿ ಹೊಟ್ಟೆಯಲ್ಲಿ ಕೂಸಲ್ಲದೆ ಇನ್ನೇನು ಬಚ್ಚಿಟ್ಟುಕೊಂಡು ಬಂದಾಳು ಎಂದು ಅರಸ ಅವನ ಬಾಯಿ ಮುಚ್ಚಿಸಿದ. ಪಡುವಣದ ಅರಸ ತಾನೇನು ಕಡಿಮೆ ಎಂದು ತನ್ನ ಕಡೆಯಿಂದಲೂ ಅಂಥದೇ ಒಂದು ದೋಣಿ ಬಿಟ್ಟ.

ಮಗಳು ಬಂದಳು. ಬಾಯಿಬಿಟ್ಟು ಅತ್ತಳು. ಗಂಡುಮಗುವನ್ನು ಹೆತ್ತಳು. ಅವಳ ತಾಯಿ ಮಗುವಿನ ಹೊಕ್ಕುಳಬಳ್ಳಿಯನ್ನು ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತಳು.

ಹೆರಿಗೆಗೆ ದಾರಿಯಿದೆ ಎಂದ ಮೇಲೆ ಹೆಣ್ಣು ಕೊಡಲು ಯಾರಿಗೇನು ಅಡ್ಡಿ? ಮದುವಣಗಿತ್ತಿಯರೂ ನಾಳಿನ ಬಸುರಿಯರೇ ಎಂದು ಅಂಬಿಗರು ಅವರನ್ನೂ ಹತ್ತಿಸಿಕೊಂಡರು. ಬೇರೆಲ್ಲ ದೋಣಿಗಳು ದಡದಲ್ಲೇ ಗೆದ್ದಲು ಹಿಡಿದವು, ಹಸಿರು ಬಟ್ಟೆಯ ದೋಣಿಗಳು ಮಾತ್ರ ಓಡಾಡಿದವು. ಅರಸರು ಸತ್ತರು, ಅವರ ಮಕ್ಕಳು ಪಟ್ಟಕ್ಕೆ ಬಂದರು. ನಡುಗಡ್ಡೆಯ ಹಟ ಮಾತ್ರ ಸಾಯಲಿಲ್ಲ. ಕೊನೆಗೊಂದು ಬೇಸಿಗೆಯಲ್ಲಿ, ಹೊಳೆ ಸೊಂಟದಷ್ಟಕ್ಕೆ ಇಳಿದಾಗ, ಎರಡು ಸೈನ್ಯಗಳು ಎರಡು ದಡದಲ್ಲಿ ನಿಂತವು.

ಪಡುವಣದ ಸೇನಾಪತಿ ದೂರದ ಸೀಮೆಯವನು. ಅವನ ಸೀಮೆಯಲ್ಲಿ ಹೆಂಗಸರು ಗಂಡನ ಮನೆಯಲ್ಲೇ ಹೆರುತ್ತಾರೆ. ಸೈನಿಕರಲ್ಲಿ ಹುರುಪು ತುಂಬಲು ಅವನು ಒಂದು ಉಪಾಯ ಹೂಡಿದ. ಪ್ರತಿಯೊಬ್ಬನೂ ತಾನು ಹುಟ್ಟಿದ ನೆಲದ ಒಂದು ಹಿಡಿ ಮಣ್ಣು ತರಬೇಕು, ಆ ನೆಲದ ಮೇಲೆ ಶತ್ರುವಿನ ಕಾಲು ಬೀಳದಂತೆ ಕಾಯುತ್ತೇನೆಂದು ಪ್ರಮಾಣ ಮಾಡಬೇಕು.

ಮರುದಿನ ನೋಡಿದರೆ ಎಷ್ಟೋ ಮಂದಿಯ ಕೈ ಬರಿದು. ಅವರೆಲ್ಲ ಆಚೆಯಿಂದ ಬಂದ ಸೊಸೆಯರ ಚೊಚ್ಚಲ ಮಕ್ಕಳು. ಸೇನಾಪತಿ ಸಿಟ್ಟಿನಿಂದ ಮುಂದಿನ ಸಾಲಿನ ಒಬ್ಬನನ್ನು ಮಣ್ಣೆಲ್ಲಿ ಎಂದು ಗದರಿಸಿದ. ಅವನು ಆ ರೈತನ ಹೆಂಡತಿಯ ಮೊಮ್ಮಗ. ತಾನು ಹುಟ್ಟಿದ್ದು ಆಚೆ ದಡದಲ್ಲಿ, ಅಪ್ಪಣೆಯಾದರೆ ತರುತ್ತೇನೆ ಎಂದ. ಆಡಿದ ಆಜ್ಞೆಯನ್ನು ಸೈನ್ಯದೆದುರು ನುಂಗಲಾರದೆ ಸೇನಾಪತಿ ಹೋಗಿ ತಾ ಎಂದುಬಿಟ್ಟ.

ಅವನು ಕತ್ತಿ ಕೆಳಗಿಟ್ಟು ಹೊಳೆಗೆ ಇಳಿದ. ಬರಿಗೈಯಲ್ಲಿ ಬರುವವನ ಮೇಲೆ ಬಾಣ ಬಿಡಲು ಆಚೆಯವರಿಗೂ ಮನಸ್ಸು ಬರಲಿಲ್ಲ. ಐದು ತಿಂಗಳ ಕೂಸಾಗಿ ಬಿಟ್ಟ ಊರು. ತಾಯಿಯ ಹೆಸರು ಹೇಳಿ ಮನೆ ಕೇಳಿದ. ಮುದುಕಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ನುಗ್ಗೆಮರದ ಬುಡ ಕೆದಕಿ ಹಿಡಿ ಮಣ್ಣು ಕೊಟ್ಟಳು.

ಅವನು ಮರಳುವಷ್ಟರಲ್ಲಿ ಹೊಳೆಯಲ್ಲಿ ಅವನೊಬ್ಬನೇ ಇರಲಿಲ್ಲ. ಅವನನ್ನು ನೋಡಿ ಉಳಿದವರೂ ಇಳಿದಿದ್ದರು. ಮೂಡಣ ಸೈನ್ಯದಲ್ಲಿ ಪಡುವಣದ ಹೆಣ್ಣುಮಕ್ಕಳ ಚೊಚ್ಚಲ ಮಕ್ಕಳಿಗೇನು ಬರವೇ? ತಾವು ಹುಟ್ಟಿದ ಮನೆ ನೋಡಲು ಅವರೂ ಇಳಿದರು. ಆಚೆಯವರು ಈಚೆಗೆ, ಈಚೆಯವರು ಆಚೆಗೆ ಸೊಂಟದ ನೀರಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ನಡೆದರು.

ಮೊಮ್ಮಗ ಬಂದು ಸೇನಾಪತಿಯ ಮುಂದೆ ನಿಂತ. ಮಣ್ಣು ಹಿಡಿದ ಕೈ ಮುಂದೆ ಚಾಚಿದ.

"ಪ್ರಮಾಣ ಮಾಡುತ್ತೇನೆ, ಒಡೆಯರೇ. ಮಾಡಿದ ಮೇಲೆ ತಪ್ಪುವವನಲ್ಲ. ಆದರೆ ಆಮೇಲೆ ನಾನು ಯಾವ ದಡದಲ್ಲಿ ನಿಲ್ಲಬೇಕು?"

ಸೇನಾಪತಿ ಯುದ್ಧಶಾಸ್ತ್ರವನ್ನೆಲ್ಲ ಓದಿದವನು. ಈ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಯುದ್ಧ ನಡೆಯಲಿಲ್ಲ. ಮುಂದೆ ಅರಸರಿಬ್ಬರೂ ನಡುಗಡ್ಡೆಯ ಮೇಲೆ ಕೂತು ಎರಡು ನಾಡುಗಳನ್ನು ಒಂದು ಮಾಡಿದರು. ಅಲ್ಲೊಂದು ಕಲ್ಲುಕಂಬ ನಿಲ್ಲಿಸಿ ತಮ್ಮಿಬ್ಬರ ಹೆಸರು ಕೆತ್ತಿಸಿದರು. ಎಮ್ಮೆಗಳಿಗೆ ಮೈ ಉಜ್ಜಲು ಅನುಕೂಲವಾಯಿತು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಅಡವೀಶನ ಕಣ್ಣು ತೇವವಾಗಿತ್ತು.

"ಆ ಕಂಬದ ಮೇಲೆ ಮೊದಲು ಇರಬೇಕಾದದ್ದು ಆ ತಾಯಿಯ ಹೆಸರು, ಗುರುಗಳೇ. ಅದನ್ನು ಮರೆತವರು ಎಂಥ ಕೃತಘ್ನರು! ನಾಳೆಯೇ ಮಕ್ಕಳಿಗೆ ಕಲಿಸುತ್ತೇನೆ. ಅವಳ ಹೆಸರೇನು?"

ಗುರುಗಳು ತಲೆಯೆತ್ತದೆ ಕೇಳಿದರು: "ಅಡವೀಶ, ನಿನ್ನ ತಾಯಿಯ ಅಜ್ಜಿಯ ಹೆಸರೇನು?"

ಮೂಲಪುರುಷನಿಂದ ಕೊನೆಯ ಅರಸನವರೆಗೆ ಎಲ್ಲರ ಹೆಸರು ಬಲ್ಲ ಅಡವೀಶ ಇನ್ನೊಂದು ಅವರೆಕಾಯಿ ಎತ್ತಿಕೊಂಡ.