ಅಡಿವೆಪ್ಪನ ಮೌನವ್ರತ

ಹೊಳೆದಂಡೆಯ ಮಠದಲ್ಲಿ ನೀಲವ್ವತಾಯಿಗೆ ಅಡಿವೆಪ್ಪನೆಂಬ ಶಿಷ್ಯನಿದ್ದ. ಮಾತಿನ ಮಲ್ಲ. ಅವನು ಮೌನವ್ರತ ಹಿಡಿದ ದಿನ ಮರದ ಗಿಳಿಗಳು ನಿಟ್ಟುಸಿರು ಬಿಟ್ಟವಂತೆ, ನಂಬುವವರು ನಂಬಬಹುದು.

ಒಂದು ಮಧ್ಯಾಹ್ನ ಅವನು ಹರಿಗೋಲಿನ ಕಟ್ಟೆಯ ಮೇಲೆ ಕುಳಿತಿದ್ದ. ಪರವೂರಿನವನೊಬ್ಬ ಕಲ್ಲವ್ವನೆಂಬ ಹುಡುಗಿಯನ್ನು ಕರೆತಂದ.

ಹುಡುಗಿ ಮೆಲ್ಲಗೆ ಕೇಳಿದಳು: “ಅಪ್ಪಾರ, ಪ್ಯಾಟ್ಯಾಗ ಕೆಲಸ ಕೊಡಸ್ತೀನಿ ಅಂತಾನ ಇಂವ. ನಿಮಗ ಗುರ್ತೇನ್ರಿ?”

ಗುರುತಿತ್ತು. ಹಿಂದೆ ಅವನ ಜೊತೆ ಹೋದವರು ತಿರುಗಿ ಬಂದಿರಲಿಲ್ಲ. ಅಡಿವೆಪ್ಪನ ಗಂಟಲಿಗೆ ಮಾತು ಬಂತು. ನುಂಗಿ, ಕಣ್ಣು ಮುಚ್ಚಿದ.

ಹರಿಗೋಲು ಹೋಯಿತು.

ಸಂಜೆ ಮರಳಿನ ಮೇಲೆ ಬರೆದು ಗುರುತಾಯಿಗೆ ತೋರಿಸಿದ: ‘ಹುಡುಗಿಯರನ್ನು ಮಾರುವವನು ಎದುರಿಗೇ ನಿಂತ. ಆದರೂ ತುಟಿ ಬಿಚ್ಚಲಿಲ್ಲ. ಗೆದ್ದೆ.’

“ಗೆದ್ದಾಂವ ನೀನಲ್ಲೋ, ಅಂವ,” ಎಂದಳು ನೀಲವ್ವತಾಯಿ.

ಅಕ್ಷರಗಳನ್ನು ಕಾಲಿನಿಂದ ಅಳಿಸಿ, ಹೊಳೆಯತ್ತ ತಿರುಗಿ ಕೂಗಿದಳು. ಆ ಕೂಗಿಗೆ ಆಚೆ ದಡದ ಎಮ್ಮೆಗಳು ಹಗ್ಗ ಹರಿದುಕೊಂಡವು. ಎಷ್ಟು ಎಮ್ಮೆ ಎಂಬುದು ಕಥೆ ಹೇಳುವವನ ಉದಾರತನಕ್ಕೆ ಬಿಟ್ಟದ್ದು. ಬಟ್ಟೆ ಒಗೆಯುವವರು, ಅಂಬಿಗರು, ಮೀನು ಹಿಡಿಯುವವರು, ಎಲ್ಲ ಓಡಿಬಂದರು.

“ನಡೀರಿ, ಮಗಳನ್ನ ಹುಡುಕೂಣು.”

ಪೇಟೆಯಲ್ಲಿ ಓಣಿ ಓಣಿ ತಿರುಗಿದರು, ಬಾಗಿಲು ಬಾಗಿಲು ಬಡಿದರು. ಕಲ್ಲವ್ವ ಸಿಕ್ಕಾಗ ತಿಂಗಳು ಕಳೆದಿತ್ತು. ಎಲ್ಲರನ್ನೂ ನೋಡಿದಳು, ಅಡಿವೆಪ್ಪನೊಬ್ಬನನ್ನು ಬಿಟ್ಟು.

ಅಂದಿನಿಂದ ಕಟ್ಟೆಯಲ್ಲೊಂದು ರೂಢಿ. ಹರಿಗೋಲಿಗೆ ಹುಡುಗಿ ಹತ್ತಿದರೆ ಒಗೆಯುವವರ ಬಡಿತ ನಿಲ್ಲುತ್ತದೆ.

“ಯಾರ ಜೋಡಿ ಹೊಂಟೀ ಮಗಳ? ಅಲ್ಲಿ ನಿನ್ನವರು ಯಾರದಾರ?”

ಅವಳೇ ಬಾಯಿಬಿಟ್ಟು ಹೇಳುವ ತನಕ ಅಂಬಿಗ ಹುಟ್ಟು ಎತ್ತುವುದಿಲ್ಲ. ಎಲ್ಲರಿಗಿಂತ ಜೋರಾಗಿ ಕೇಳುವವನು ಅಡಿವೆಪ್ಪ. ಅವನ ಪ್ರಶ್ನೆ ತಾಳಲಾರದೆ ದಲ್ಲಾಳಿಯೊಬ್ಬ ಹೊಳೆಗೆ ಹಾರಿ ಈಜಿಯೇ ಹೋದನಂತೆ, ಚಪ್ಪಲಿ ಬಿಟ್ಟು.

ಕಲ್ಲವ್ವ ಮಠದಲ್ಲೇ ಉಳಿದಳು. ಒಂದು ದಿನ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಊರ ಗೌಡ ನಾಲ್ಕು ಮಂದಿಯೊಡನೆ ಬಂದು ಜಗಲಿಯ ಮೇಲೆ ಕುಳಿತ.

“ಆ ಹುಡಿಗಿಗೆ ಅಲ್ಲಿ ಏನೇನಾತು, ತಾಯಿ? ಊರಿಗೆ ಗೊತ್ತಾಗಬೇಕಲ್ಲ.”

ಒಳಗೆ ರೊಟ್ಟಿಯ ಸದ್ದು ನಿಂತಿತು.

“ನಾ ಹೇಳ್ತೀನಿ ಗೌಡ್ರ,” ಎಂದು ಅಡಿವೆಪ್ಪ ಎದ್ದ. ಬಾಯಿ ಮುಚ್ಚಿದ್ದೇ ತನ್ನ ಪಾಪವೆಂದು ಕಲಿತಿದ್ದನಲ್ಲ.

ನೀಲವ್ವತಾಯಿ ಅವನ ಭುಜ ಅದುಮಿ ಕೂರಿಸಿದಳು.

“ಮೌನ ಹಿಡೀಬೇಕು ಅಂತಿದ್ದೆಲ್ಲೋ ಅಡಿವೆಪ್ಪ. ಇವತ್ತ ಹಿಡಿ.”