ಕೆನ್ನೆಯ ಮೇಲಿನ ನೆರಳು

“ಗುರುಗಳೇ, ಎರಡು ಪದ್ಧತಿಗಳು ಬೆರೆತರೆ ಎರಡೂ ಕೆಡುವುದಿಲ್ಲವೇ?” ಎಂದು ಶಿಷ್ಯ ಕೇಳಿದ. ಗುರುಗಳು ಕತೆ ಹೇಳಿದರು.

ತುರ್ಕಿಯ ಸುಲ್ತಾನನ ಆಸ್ಥಾನದಲ್ಲಿ ಒಬ್ಬ ಅಧಿಕಾರಿಯಿದ್ದ. ಸುಲ್ತಾನನ ಮುಂಡಾಸುಗಳನ್ನು ಕಾಯುವುದು ಅವನ ಕೆಲಸ. ಎಂಟು ವರ್ಷದವನಿದ್ದಾಗ ಅವನನ್ನು ಬೆಟ್ಟದ ಹಳ್ಳಿಯಿಂದ ಅರಮನೆಯ ಸೇವೆಗೆ ಕರೆತಂದಿದ್ದರು. ಅದಾಗಿ ನಲವತ್ತು ವರ್ಷ. ಅರಮನೆ ಬಿಟ್ಟು ಹೋಗಲು ಅಪ್ಪಣೆಯಿಲ್ಲ. ಹಳ್ಳಿಯಲ್ಲಿ ತಾಯಿ ಇನ್ನೂ ಬದುಕಿದ್ದಳು. ಚಿತ್ರದಲ್ಲಾದರೂ ತನ್ನನ್ನು ನೋಡಲಿ ಎಂದು ಆಸ್ಥಾನದ ಚಿತ್ರಕಾರನಿಂದ ಬರೆಸಿ ಕಳುಹಿಸಿದ.

ಆ ಚಿತ್ರಕಾರನ ಪದ್ಧತಿಯಲ್ಲಿ ಉಡುಪು ನೋಡಿ ಹುದ್ದೆ ತಿಳಿಯಬೇಕು. ಮುಖ ಎಲ್ಲರಿಗೂ ಒಂದೇ. ತಾಯಿ ನೋಡಿ, ಯಾರೋ ದೊಡ್ಡವರು, ನನ್ನ ಮಗನಲ್ಲ ಎಂದು ಹಿಂದಕ್ಕೆ ಕಳುಹಿಸಿದಳು.

ಅಧಿಕಾರಿ ಎರಡು ದಿನ ಉಣ್ಣಲಿಲ್ಲ. ಚಿತ್ರಕಾರನಿಗೆ ಅದು ಚುಚ್ಚಿತು. ಊರಿಗೆ ಬಂದಿದ್ದ ಪರಂಗಿ ಚಿತ್ರಕಾರನ ಬಳಿ ಕೂತು ನೀರುಬಣ್ಣದಲ್ಲಿ ನೆರಳು ಹಾಕುವುದನ್ನು ಕಲಿತ. ಮತ್ತೆ ಬರೆದ. ನಿಲುವಂಗಿ, ಗುಂಡಿ, ಮುಂಡಾಸು ಹಳೆಯ ಪದ್ಧತಿಯಲ್ಲೇ ಚಪ್ಪಟೆಯಾಗಿ, ಚಿನ್ನದ ಗೆರೆಯಲ್ಲಿ. ಮುಖ ಮಾತ್ರ ಇದ್ದ ಹಾಗೆ. ಎಡಗೆನ್ನೆಯ ಮೇಲೆ ನೆರಳು. ನಮ್ಮ ಮೈಗೆ ಪರಂಗಿಯ ತಲೆ ಅಂಟಿಸಿದ್ದೀಯಲ್ಲ ಎಂದು ಜೊತೆಯವರು ನಕ್ಕರು.

ಅಧಿಕಾರಿ ಬಹಳ ಹೊತ್ತು ನೋಡಿದ.

“ನಾನು ನಿನಗೇನು ಮಾಡಿದ್ದೆ? ಕೆನ್ನೆಗೆ ಮಸಿ ಬಳಿದಿದ್ದೀಯ.”

“ಮಸಿಯಲ್ಲ ಒಡೆಯ, ನೆರಳು. ನೀವು ಕಿಟಕಿಯ ಪಕ್ಕ ಕೂತಿದ್ದಿರಿ.”

ಅವನು ನಂಬಲಿಲ್ಲ. ಆದರೂ ಕಳುಹಿಸಿದ. ತಾಯಿಗೆ ವಯಸ್ಸಾಗಿತ್ತು, ಇನ್ನೊಂದು ಬರೆಸುತ್ತ ಕೂರುವ ಹಾಗಿರಲಿಲ್ಲ.

ಒಯ್ದಿದ್ದ ಆಳು ಮರಳಿ ಬಂದು ನಡೆದದ್ದನ್ನು ಹೇಳಿದ. ಮುದುಕಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡಳಂತೆ. ಚಿನ್ನದ ನಿಲುವಂಗಿಯ ಕಡೆ ನೋಡಲೇ ಇಲ್ಲ. ತಲೆವಸ್ತ್ರದ ತುದಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿ ಎಡಗೆನ್ನೆಯನ್ನು ಒರೆಸಿದಳು. ಇವನು ಮೊದಲಿನಿಂದಲೂ ಹೀಗೇ, ಮುಖ ತೊಳೆಯದೆ ಮನೆಗೆ ಬರುತ್ತಾನೆ ಅಂದಳು. ನೆರಳೆಲ್ಲ ಬಟ್ಟೆಗೆ ಬಂತು. ಚಿತ್ರವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಕೇಳುತ್ತ ಅಧಿಕಾರಿ ತನ್ನ ಎಡಗೆನ್ನೆ ಮುಟ್ಟಿಕೊಂಡ.

ಗುರುಗಳು ಕತೆ ಮುಗಿಸಿದರು. “ಅಂತೂ ಚಿತ್ರ ಕೆಟ್ಟೇ ಹೋಯಿತಲ್ಲ?” ಎಂದ ಶಿಷ್ಯ.

“ಹೆತ್ತವಳು ಮುಖ ಒರೆಸಿದರೆ ಮಗ ಕೆಡುತ್ತಾನೆಯೇ?” ಎಂದರು ಗುರುಗಳು.