ಅರ್ಜಿಯಲ್ಲಿ ಇದ್ದದ್ದು ಒಂದೇ ಮೇಕೆ

ಬಾಯಲ್ಲಿ ಎಲೆಅಡಿಕೆ ಇರುವವರು ಮೊದಲು ಉಗಿದು ಬನ್ನಿ, ನಗುವಾಗ ನೆತ್ತಿಗೆ ಹತ್ತೀತು. ಒಂದೂರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು. ಅವಳಿಗೆ ಕೆಂಚೀರ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅನ್ನ ಉಕ್ಕಿದರೆ ಕೂಗು ಅಂದರೆ ಕೂಗುವನು, ಇಳಿಸುವವನಲ್ಲ.

"ನಿನ್ನ ಕಟ್ಕೊಂಡು ನಾನೇನ್ಲಾ ಮಾಡ್ಲಿ!" ಅಂತ ಹೊನ್ನಾಜಮ್ಮ ದಿನಕ್ಕೆ ಹತ್ತು ಸಲ ಹಣೆ ಹಣೆ ಚಚ್ಚಿಕೊಳ್ಳುವಳು.

ಅವಳಿಗೆ ಇದ್ದ ಆಸೆ ಒಂದೇ. ಮನೆಯಲ್ಲಿ ಚೆನ್ನಿ ಅಂತ ಒಂದು ಮೇಕೆ ಇತ್ತು, ತುಂಬು ಗಬ್ಬ. ಅದು ಈದರೆ ಹಾಲು, ಹಾಲಿದ್ದರೆ ಕಾಫಿ. ಎರಡು ವರ್ಷದಿಂದ ಬರೀ ಕರಿ ಕಾಫಿ ಕುಡಿದು ಅವಳಿಗೆ ಸಾಕಾಗಿತ್ತು. ಅಂಥ ಚೆನ್ನಿ ಒಂದು ಬೆಳಿಗ್ಗೆ ಗೂಟದಲ್ಲಿ ಇಲ್ಲ!

"ಅಯ್ಯೋ ನನ್ ಚೆನ್ನಿ! ಲೋ ಕೆಂಚೀರ, ಪೋಲೀಸ್ನೋರಿಗೆ ತಿಳಿಸ್ಲಾ!"

ಕೆಂಚೀರ ತಡಮಾಡಲಿಲ್ಲ. ನೂರಾ ಹನ್ನೆರಡಕ್ಕೆ ಫೋನು ಮಾಡಿದ.

"ಯಾರು ಕಾಣೆಯಾಗಿರೋದು?" ಅಂತ ಆ ಕಡೆಯಿಂದ ಕೇಳಿದರು.

"ಚೆನ್ನಿ."

"ವಯಸ್ಸು?"

"ಎರಡು ವರ್ಸ."

"ಅಯ್ಯೋ, ಕೂಸು! ಮೈಮೇಲೆ ಏನು ಬಟ್ಟೆ ಇತ್ತು?"

"ಏನೂ ಇಲ್ಲ. ಕೊರಳಲ್ಲಿ ಒಂದು ಗಂಟೆ."

ಕುಂಯ್ಯೋ ಅಂತ ಒಂದು ಜೀಪು ಬಂತು. ಕುಂಯ್ಯೋ ಅಂತ ಇನ್ನೊಂದು ಬಂತು. ಕೆರೆಗೆ ಇಳಿಯೋಕೆ ಈಜುಗಾರರೂ ಬಂದರು. ಠಾಣೆಯ ದಫೇದಾರ್ ಚಿಕ್ಕಬೋರಯ್ಯನವರು ಓಡೋಡಿ ಬಂದು ಕೂಸಿನ ಫೋಟೋ ಕೇಳಿದರು. ಕೆಂಚೀರ ಮೇಕೆಯ ಫೋಟೋ ತೋರಿಸಿದ.

"ಮೇಕೆಗೆ ಎರಡು ಜೀಪಾ! ಲೇ ಹೆಡ್ಡ, ಜೀವಕ್ಕೆ ಅಪಾಯ ಅಂದ್ರೆ ಮಾತ್ರ ಆ ಫೋನು. ಇಂಥದಕ್ಕೆಲ್ಲ ಅವಸರ ಇಲ್ಲ. ನಿಧಾನಕ್ಕೆ ಕೂತು ಅರ್ಜಿ ಬರಿ. ಏನು ಹೋಯ್ತು, ಎಷ್ಟು ಹೋಯ್ತು, ಯಾರ ಮೇಲೆ ಅನುಮಾನ, ಎಲ್ಲ ಬರಿ. ಮೆಲ್ಲಗೆ ನಡಕೊಂಡು ಬಂದು ಠಾಣೆಗೆ ಕೊಡು!"

"ಆಗ್ಲಿ ಸಾ, ಹಂಗೇ ಮಾಡ್ತೀನಿ."

ಅರ್ಜಿಗೆ ಬಿಳಿ ಹಾಳೆ ಕೊಂಡು ವಾಪಸ್ ಬರುತ್ತಿದ್ದಾನೆ, ಕಾಲುವೆ ಸೇತುವೆ ಮೇಲೆ ಗೀರುಲುಂಗಿಯವನೊಬ್ಬ ಚೆನ್ನಿಯನ್ನು ದರದರ ಎಳೆದುಕೊಂಡು ಹೋಗುತ್ತಿದ್ದಾನೆ!

"ಅಣ್ಣಾ, ಈ ಮೇಕೆ ನಮ್ದು. ನೀನೇ ಏನು ಕದ್ದಿರೋದು?"

ಕಳ್ಳ ಓಡೋಕೆ ಒಂದು ಕಾಲು ಎತ್ತಿದ.

"ಹೆದರ್ಬೇಡ, ಅವಸರ ಇಲ್ಲ. ಒಂದು ಪೆನ್ನಿದ್ರೆ ಕೊಡು."

ಕಳ್ಳ ಪೆನ್ನು ಕೊಟ್ಟ. ಕೆಂಚೀರ ಹೊಂಗೆಮರದ ಕೆಳಗೆ ಕೂತು, "ಮಾನ್ಯರೆ, ನಮ್ಮ ಮೇಕೆ ಒಂದು ಕಳುವಾಗಿ ನನ್ನ ಮುಂದೆಯೇ ನಿಂತಿರುತ್ತದೆ" ಅಂತ ಬರೆದ. ಕಳ್ಳನ ಹೆಸರು ಕೇಳಿದ. ಅವನು ಬಾಯಿಗೆ ಬಂದ ಒಂದು ಹೆಸರು ಹೇಳಿ, ಮೇಕೆ ಹೊಡೆದುಕೊಂಡು ಸಂತೆಯ ದಾರಿ ಹಿಡಿದ. ಕೆಂಚೀರ ಮೆಲ್ಲಗೆ, ಇನ್ನೂ ಮೆಲ್ಲಗೆ ನಡೆದು ಠಾಣೆ ಮುಟ್ಟುವಾಗ ಸೂರ್ಯ ಮುಳುಗುತ್ತಿದ್ದ.

ಅರ್ಜಿ ಓದಿದ ದಫೇದಾರರು ಕುರ್ಚಿಯಿಂದ ಎದ್ದೇಬಿಟ್ಟರು.

"ಕಳ್ಳ ಎದುರಿಗೆ ನಿಂತಿದ್ರೆ ಬರೀತಾ ಕೂತ್ಯಾ! ಇನ್ಮೇಲೆ ಆ ಮೇಕೆ ಹಗ್ಗ ಯಾರ ಕೈಯಲ್ಲೇ ಕಾಣ್ಲಿ, ಬಿಡಬೇಡ! ತಬ್ಬಿ ಹಿಡಕೊ, ಕಳ್ಳ ಕಳ್ಳ ಅಂತ ಕೂಗು, ಜನ ಸೇರ್ಸು, ಠಾಣೆಗೆ ಎಳಕೊಂಡು ಬಾ!"

"ಆಗ್ಲಿ ಸಾ, ಹಂಗೇ ಮಾಡ್ತೀನಿ."

ದಫೇದಾರರು ಬೈದರೂ ಒಳ್ಳೆಯವರು, ಪಾಪ. ಮಾರನೇ ದಿನ ಅವರಿಗೆ ರಜೆ. ಪಂಚೆ ಉಟ್ಟು ಸಂತೆಗೆ ಹೋದವರು ಬದನೆಕಾಯಿ ಕೊಂಡರು, ಚೆನ್ನಿಯನ್ನೂ ಹುಡುಕಿದರು. ಇವರ ಮೀಸೆ ಕಂಡದ್ದೇ ತಡ, ಕಳ್ಳ ಹಗ್ಗ ಬಿಟ್ಟು ಓಟ ಕಿತ್ತ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಮೇಕೆ, ಹೊನ್ನಾಜಮ್ಮ ಎಷ್ಟು ಹಿಗ್ಗುತ್ತಾಳೋ ಅಂದುಕೊಂಡು ದಫೇದಾರರು ಊರೊಳಗೆ ಕಾಲಿಟ್ಟರು.

"ಕಳ್ಳಾ! ಕಳ್ಳಾ!" ಕೆಂಚೀರ ಹಾರಿ ತಬ್ಬಿಕೊಂಡ.

"ಲೇ, ನಾನು ಕಣೋ! ದಫೇದಾರ್!"

"ಗೊತ್ತು ಸಾ! ಯಾರ ಕೈಯಲ್ಲೇ ಕಾಣ್ಲಿ ಅಂದ್ರಲ್ಲ!"

ಜನ ಸೇರಿದರು, ಟವೆಲ್ಲಿನಲ್ಲಿ ಕೈ ಕಟ್ಟಿದರು, ದಫೇದಾರರನ್ನು ಅವರದೇ ಠಾಣೆಗೆ ಮೆರವಣಿಗೆಯಲ್ಲಿ ಒಯ್ದರು. ಕೆಂಚೀರ ಮೇಕೆಯ ಜತೆ ಬದನೆಕಾಯಿ ಚೀಲವನ್ನೂ ಮನೆಗೆ ತಂದ.

ಚೆನ್ನಿಯನ್ನು ಕಂಡು ಹೊನ್ನಾಜಮ್ಮ ಅತ್ತೇಬಿಟ್ಟಳು. ಚೀಲ ಕಂಡು ಕೆಂಡವಾದಳು.

"ಇದ್ಯಾರದ್ಲಾ! ಅರ್ಜೀಲಿ ಬರೆದಿದ್ದು ಒಂದು ಮೇಕೆ. ಅದೊಂದೇ ನಮ್ದು! ಅದರ ಮೇಲೆ ಒಂದು ಕಡ್ಡಿ ಸಿಕ್ಕಿದ್ರೂ ಠಾಣೆಗೆ ಒಪ್ಪಿಸಿ ಬರ್ಬೇಕು, ತಿಳೀತಾ?"

"ತಿಳೀತು ಕಣವ್ವ, ಹಂಗೇ ಮಾಡ್ತೀನಿ."

ಮಾರನೇ ಬೆಳಿಗ್ಗೆ ಹೊನ್ನಾಜಮ್ಮ ನೀರಿಗೆ ಹೋಗಿದ್ದಳು. ಕೆಂಚೀರ ಕೊಟ್ಟಿಗೆಗೆ ಹೋಗಿ ಎಣಿಸಿದ. ಒಂದು. ಎರಡು. ಮೂರು! ಚೆನ್ನಿ ಅವಳಿ ಮರಿ ಹಾಕಿತ್ತು. "ಅಯ್ಯಯ್ಯೋ, ಎರಡು ಹೆಚ್ಚಿಗೆ!" ಅಂದವನೇ ಹಸಿಮರಿಗಳನ್ನು ಕುಕ್ಕೆಗೆ ಹಾಕಿಕೊಂಡು ಠಾಣೆಗೆ ನಡೆದ. ಹೊನ್ನಾಜಮ್ಮ ಬಂದು ನೋಡಿದರೆ ತಾಯಿ ಮೇಕೆ ಒಂದೇ ಸಮ ಅರಚುತ್ತಿದೆ, ಮರಿ ಇಲ್ಲ, ಮಗ ಇಲ್ಲ. ನಿನ್ನೆ ತಾನು ಮಗನಿಗೆ ಹೇಳಿದ್ದು ನೆನಪಾಯಿತು. ಚೆನ್ನಿಯ ಹಗ್ಗ ಹಿಡಿದು ಠಾಣೆಗೆ ಓಡಿದಳು.

ಠಾಣೆಯಲ್ಲಿ ಮೇಜಿನ ಮೇಲೆ ಎರಡು ಮರಿ ಮ್ಯಾ ಅನ್ನುತ್ತಿದ್ದವು. ಕೆಂಚೀರ ರಸೀದಿಗೆ ಕಾದು ಬೆಂಚಿನಲ್ಲಿ ಕೂತಿದ್ದ. ಚೆನ್ನಿ ಅಲ್ಲೇ ಮರಿಗಳನ್ನು ನೆಕ್ಕಿ ಹಾಲು ಕುಡಿಸಿತು. ಹೊನ್ನಾಜಮ್ಮನಿಗೆ ಹೋದ ಜೀವ ಬಂತು.

ದಫೇದಾರರು ಕೈ ಮುಗಿದರು. "ತಾಯಿ, ಮೇಕೆ ನಿಂದು, ಮರಿ ನಿಂದು. ಎಲ್ಲ ಕರಕೊಂಡು ಹೋಗು. ನಿನ್ ಮಗನ್ನೂ ಕರಕೊಂಡು ಹೋಗು!"

ಕೆಂಚೀರ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅದೆಂಗಾಗ್ತದೆ ಸಾ? ಅರ್ಜೀಲಿ ಇರೋದು ಒಂದು ಮೇಕೆ. ಮಗ ಅಂತ ಎಲ್ಲೂ ಬರೆದಿಲ್ಲ. ನಾನೂ ಹೆಚ್ಚಿಗೆ! ನನ್ನೂ ಜಮಾ ಮಾಡ್ಕೊಳ್ಳಿ!"

ಎಳೆದರು, ಬೈದರು, ಬೇಡಿಕೊಂಡರು. ಊಹೂಂ! ಕೊನೆಗೆ ದಫೇದಾರರು ಅರ್ಜಿಯ ಕೆಳಗೆ ತಾಯಿಯ ಹೆಸರಲ್ಲಿ ತಾವೇ ಬರೆದರು: ಮರಿ ಎರಡು, ಮಗ ಒಬ್ಬ, ಎಲ್ಲವೂ ನನ್ನವೇ. ಹೊನ್ನಾಜಮ್ಮನ ಮುಂದೆ ಶಾಯಿಯ ಡಬ್ಬಿ ಇಟ್ಟರು.

ಅವಳು ಮರಿಗಳನ್ನು ನೋಡಿದಳು. ಮಗನನ್ನು ನೋಡಿದಳು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ದಫೇದಾರರನ್ನು ಕೇಳಿದಳು:

"ಬುದ್ಧೀ, ಮರಿಗಳಿಗೆ ಮಾತ್ರ ಒತ್ತಿದ್ರೆ ಆಗಾಕಿಲ್ವಾ?"